ಕಣ್ಣು ಸರಿಮಾಡಿದ ಕುಂಬಳಕಾಯಿ

ಮಹಿಳೆಯರ ಜೈಲು, ನಾಲ್ಕನೇ ಬ್ಲಾಕ್
ಸೆಪ್ಟೆಂಬರ್ 8, 2023

ಅಮ್ಮಾ,

ಭಾನುವಾರ ಫೋನ್ ಮಾಡಿದಾಗ ಜೂನಿ ಮಲಗಿದ್ದಾಳೆ ಎಂದೆ. ಅದರ ಹಿಂದಿನ ಭಾನುವಾರವೂ ಮಲಗಿದ್ದಳು. ಸಂಜೆ ನಾಲ್ಕು ಗಂಟೆಗೆ ಮಲಗುವ ಮಗು ಯಾವಾಗ ಏಳುತ್ತದೋ, ನಿನ್ನನ್ನು ಯಾವಾಗ ಮಲಗಲು ಬಿಡುತ್ತದೋ, ನನಗೆ ತಿಳಿಯದು. ನಾನು ಹೆತ್ತವಳು ಮಾತ್ರ, ಅವಳ ದಿನಚರಿ ನನಗೇನು ಗೊತ್ತು.

ಜಗಳಕ್ಕೆ ಬರೆಯುತ್ತಿಲ್ಲ. ಒಂದು ಕೆಲಸ ಕೇಳಲು ಬರೆಯುತ್ತಿದ್ದೇನೆ. ನಮ್ಮ ಕಿಟಕಿಯಿಂದ ಬೇಲಿಯಾಚೆಗೆ ಒಂದು ಮೇಪಲ್ ಮರ ಕಾಣುತ್ತದೆ. ಅದರ ತುದಿಯ ಒಂದು ಕೊಂಬೆ ಆಗಲೇ ಕೆಂಪಾಗಿದೆ. ಅಂದರೆ ನಿನ್ನ ಕೆಲಸದ ಕಾಲ ಬಂತು. ಲೈಬ್ರರಿಯಲ್ಲಿ ನೀನು ನಡೆಸುವ ಗುರುವಾರದ ಪುಟಾಣಿಗಳ ಗಂಟೆ, ಕಿತ್ತಳೆ ಕಾಗದ, ಅಲ್ಲಾಡುವ ಪ್ಲಾಸ್ಟಿಕ್ ಕಣ್ಣುಗಳ ಡಬ್ಬಿ. ನಿನ್ನ ಮೇಜಿನ ಮುಂದೆ ಕೂತು ಹ್ಯಾಲೋವೀನ್ ದೆವ್ವ ಮಾಡದೆ ದೊಡ್ಡವರಾದ ಮಕ್ಕಳು ನಮ್ಮೂರಿನಲ್ಲಿ ಇಲ್ಲ.

ವಾರಕ್ಕೊಂದು ಸಲ ಜೂನಿಯನ್ನು ಕೂರಿಸಿಕೊಂಡು ಏನಾದರೂ ಮಾಡಿಸು. ದೊಡ್ಡದೇನೂ ಬೇಡ. ಪೇಪರ್ ಪ್ಲೇಟಿಗೆ ಬಣ್ಣ ಬಳಿದು ಕುಂಬಳಕಾಯಿ. ಸೇಬನ್ನು ಅರ್ಧ ಕತ್ತರಿಸಿ ಬಣ್ಣಕ್ಕೆ ಅದ್ದಿ ಅಚ್ಚು. ಟಿಶ್ಯೂ ಸುರುಳಿಯ ರಟ್ಟಿನಿಂದ ಬಾವಲಿ. ಮಾಡಿದ್ದನ್ನು ಹಾಗೇ ಕಳಿಸಬೇಡ. ಗೋಂದು, ಹತ್ತಿ, ಮಿನುಗುಪುಡಿ ಏನಿದ್ದರೂ ಇಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ನನ್ನಂಥವರು ಕಾಗದವನ್ನೇ ಅಮಲಿನ ಮದ್ದಿನಲ್ಲಿ ನೆನೆಸಿ ತರಿಸಿಕೊಂಡರೆಂದು ಈಗ ಪತ್ರಗಳನ್ನೂ ಇವರು ಝೆರಾಕ್ಸ್ ಮಾಡಿ ಪ್ರತಿಯನ್ನಷ್ಟೇ ಕೊಡುತ್ತಾರೆ. ನೀನೂ ಲೈಬ್ರರಿಯ ಯಂತ್ರದಲ್ಲಿ ಪ್ರತಿ ತೆಗೆದು ಕಳಿಸು. ನನ್ನ ಕೈಗೆ ಬರುವುದು ಪ್ರತಿಯ ಪ್ರತಿ, ಕಿತ್ತಳೆ ಬಣ್ಣವೂ ಬೂದಿಯಾಗಿ ಬರುತ್ತದೆ. ಪರವಾಗಿಲ್ಲ. ಜೂನ್‌ನಲ್ಲಿ ನೀನು ಅವಳನ್ನು ಇಲ್ಲಿಗೆ ಕರೆತಂದಾಗ ಅವಳು ನಿನ್ನ ಕೊರಳು ಬಿಡಲಿಲ್ಲ, ನನ್ನತ್ತ ಮುಖ ತಿರುಗಿಸಲಿಲ್ಲ. ಮಾರ್ಚ್‌ನಲ್ಲಿ ನಾನು ಹೊರಗೆ ಬಂದಾಗ ಅವಳಿಗೆ ಮೂರು ತುಂಬಿರುತ್ತದೆ. ಅಷ್ಟರೊಳಗೆ ಅವಳು ಎಂಥವಳೆಂದು ನನಗೆ ಸ್ವಲ್ಪವಾದರೂ ಗೊತ್ತಾಗಬೇಕು.

ಒಂದೇ ಒಂದು ಷರತ್ತು. ಸರಿಮಾಡಬೇಡ. ಅವಳು ಕಣ್ಣನ್ನು ಗಲ್ಲಕ್ಕೆ ಅಂಟಿಸಿದರೆ ಗಲ್ಲದಲ್ಲೇ ಇರಲಿ.

ನನಗೆ ಆರು ವರ್ಷವಾಗಿದ್ದಾಗ ಲೈಬ್ರರಿಯ ಕುಂಬಳಕಾಯಿ ಸ್ಪರ್ಧೆಗೆ ನಾನು ಮಾಡಿದ್ದು ನೆನಪಿದೆಯೇ? ಮೂರು ಕಣ್ಣು, ಮೂರೂ ಒಂದೇ ಕಡೆ. ಬೆಳಿಗ್ಗೆ ನೋಡಿದರೆ ಎರಡೇ ಕಣ್ಣು, ಅಳೆದಿಟ್ಟ ಹಾಗೆ. ನೀಲಿ ರಿಬ್ಬನ್ ಬಂತು. ಎಲ್ಲರೆದುರು ನಾನು, "ಇದು ನಂದಲ್ಲ," ಎಂದೆ. ನೀನು ತೋಳು ಚಿವುಟಿ, "ನಾಚ್ಕೊಂಡು ಹಾಗಂತಾಳೆ ಬಿಡಿ," ಎಂದು ನಕ್ಕೆ. ಆ ರಿಬ್ಬನ್ ಇನ್ನೂ ನಿನ್ನ ಫ್ರಿಜ್ ಮೇಲೆ ಇದೆ.

ನಿನ್ನ ಮಗಳು,
ಹೀದರ್

*

ಕಾರ್ವರ್ಸ್ ಫೋರ್ಡ್, ಒಹಾಯೊ
ಸೆಪ್ಟೆಂಬರ್ 19

ಪ್ರೀತಿಯ ಹೀದರ್,

ಇಪ್ಪತ್ತು ವರ್ಷದ ಹಿಂದಿನ ರಿಬ್ಬನ್‌ಗೆ ಇನ್ನೂ ಕಚ್ಚಾಡುತ್ತೀಯಲ್ಲ. ನಿನ್ನ ನೆನಪಿನ ಶಕ್ತಿ ಒಳ್ಳೆಯ ಕೆಲಸಕ್ಕೆ ಬಂದಿದ್ದರೆ ನಾವಿಬ್ಬರೂ ಹೀಗೆ ಪತ್ರ ಬರೆದುಕೊಳ್ಳಬೇಕಾಗಿರಲಿಲ್ಲ. ನೀನು ಕೆಲಸಕ್ಕಿದ್ದ ಆ ದಂತವೈದ್ಯರು ನಿನ್ನನ್ನು ನಂಬಿ ಮಾತ್ರೆಯ ಚೀಟಿ ಬರೆಯುವ ಪುಸ್ತಕವನ್ನು ಮೇಜಿನ ಮೇಲೇ ಬಿಡುತ್ತಿದ್ದರು, ನೀನು ಅದರಲ್ಲೇ ಕಳ್ಳ ಚೀಟಿ ಬರೆದುಕೊಂಡೆ. ಇರಲಿ. ನೀನು ಜಗಳಕ್ಕೆ ಬರೆದಿಲ್ಲ, ನಾನೂ ಬರೆಯುತ್ತಿಲ್ಲ.

ಕೇಳಿದ್ದನ್ನು ಮಾಡಿದ್ದೇನೆ. ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿಗೆ ಹಳೆಯ ಪೇಪರ್ ಹಾಸಿ ಸೇಬಿನ ಅಚ್ಚು ಮಾಡಿಸಿದೆ. ಜೂನಿ ಮೊದಲ ಅಚ್ಚನ್ನು ಕಾಗದಕ್ಕೆ ಒತ್ತಿದಳು, ಎರಡನೆಯದನ್ನು ಮೇಜಿಗೆ. ಮೂರನೆಯ ಸಲ ಬಣ್ಣ ಮೆತ್ತಿದ ಸೇಬನ್ನೇ ಕಚ್ಚಿಬಿಟ್ಟಳು. ತುಟಿಯೆಲ್ಲ ಕಿತ್ತಳೆ. "ಥೂ" ಎಂದಳು, ಆಮೇಲೆ ಮತ್ತೆ ಕಚ್ಚಿದಳು. ಮಕ್ಕಳ ಬಣ್ಣ, ಏನೂ ಆಗುವುದಿಲ್ಲ, ಹೆದರಬೇಡ.

ಭಾನುವಾರ ಹತ್ತಿಯ ದೆವ್ವ. ನಾನು ಕಪ್ಪು ಕಾಗದದಲ್ಲಿ ದೆವ್ವದ ಆಕಾರ ಬರೆದು ಗೋಂದು ಹಚ್ಚಿಕೊಟ್ಟೆ, ಅವಳು ಹತ್ತಿ ಉಂಡೆ ಅಂಟಿಸುತ್ತಾ ಹೋಗಬೇಕು, ಅಷ್ಟೇ. ಅರ್ಧ ಹತ್ತಿಯನ್ನು ತನ್ನ ಗಲ್ಲಕ್ಕೇ ಅಂಟಿಸಿಕೊಂಡು, "ನಾ ತಾತ, ನಾ ತಾತ!" ಎಂದು ಮನೆಯೆಲ್ಲ ಓಡಾಡಿದಳು. ಗೋಂದು ಒಣಗಿದ ಮೇಲೆ ಕಿತ್ತರೆ ಅಳು. ಕೊನೆಗೆ ಬಿಸಿನೀರಿನ ಬಟ್ಟೆ ಇಟ್ಟು ಬಿಡಿಸಿದೆ. ಪೇಪರ್ ಪ್ಲೇಟ್ ಕುಂಬಳಕಾಯಿಯೂ ಆಯಿತು. ಮೂರರ ಪ್ರತಿಗಳನ್ನೂ ಇದರ ಜೊತೆ ಇಟ್ಟಿದ್ದೇನೆ. ಯಾವುದನ್ನೂ ಸರಿಮಾಡಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಗುರುವಾರದ ಗಂಟೆಯನ್ನು ಈ ವರ್ಷ ಬೇರೆಯವರು ನಡೆಸುತ್ತಿದ್ದಾರೆ. ನನ್ನ ಮಂಡಿ ನೋವು ನಿನಗೆ ಗೊತ್ತೇ ಇದೆ. ಅರವತ್ತೇಳಕ್ಕೆ ಆ ಪುಟ್ಟ ಕುರ್ಚಿಗಳಲ್ಲಿ ಕೂತರೆ ಏಳುವುದಕ್ಕೆ ಇಬ್ಬರು ಬೇಕು.

ಚಳಿ ಶುರುವಾಗಿದೆ. ಅಲ್ಲಿ ಉಣ್ಣೆಯ ಕಾಲುಚೀಲ ಕೊಡುತ್ತಾರೆಯೇ?

ಪ್ರೀತಿಯಿಂದ,
ಅಮ್ಮ

*

ನಾಲ್ಕನೇ ಬ್ಲಾಕ್
ಸೆಪ್ಟೆಂಬರ್ 28

ಅಮ್ಮಾ,

ಪತ್ರವನ್ನು ಎಷ್ಟು ಸಲ ಓದಿದೆನೆಂದರೆ ನನ್ನ ಕೋಣೆಯ ಡಾಟ್‌ಗೆ ಬಾಯಿಪಾಠವಾಗಿದೆ. ಡಾಟ್ ಅಜ್ಜಿಯಾಗಿ ಹತ್ತು ವರ್ಷವಾಯಿತು, ಇಲ್ಲಿಗೆ ಬಂದು ಒಂಬತ್ತು. ಊಟಕ್ಕೆ ಸಾಲು ನಿಂತಾಗಲೆಲ್ಲ ನನ್ನ ಬೆನ್ನಿಗೆ ತಿವಿದು, "ನಾ ತಾತ, ನಾ ತಾತ!" ಎನ್ನುತ್ತಾಳೆ. ಬಣ್ಣದ ಸೇಬು ಕಚ್ಚಿ ಥೂ ಎಂದು ಮತ್ತೆ ಕಚ್ಚುವ ಮಗು ನನ್ನ ಮಗುವೇ, ಅನುಮಾನವಿಲ್ಲ. ಕೆಟ್ಟದ್ದೆಂದು ಗೊತ್ತಾದ ಮೇಲೂ ಇನ್ನೊಂದು ಸಲ ರುಚಿ ನೋಡುವುದು ನಮ್ಮ ರಕ್ತದಲ್ಲೇ ಇರಬೇಕು. ಓದಿ ನಕ್ಕೆ, ಆಮೇಲೆ ತುಂಬ ಹೊತ್ತು ಅತ್ತೆ. ಥ್ಯಾಂಕ್ಸ್ ಅಮ್ಮ. ಈ ಮಾತನ್ನು ನಿನಗೆ ಬರೆದು ಎಷ್ಟು ದಿನವಾಯಿತೋ.

ಆದರೆ ಕುಂಬಳಕಾಯಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಕೇಳುವ ಮೊದಲೇ "ಸರಿಮಾಡಿಲ್ಲ" ಎಂದು ಬರೆದಿದ್ದೀಯ. ಎರಡು ಕಣ್ಣು, ನಡುವೆ ಮೂಗು, ಕೆಳಗೆ ಬಾಯಿ. ಎರಡೂವರೆ ವರ್ಷದ ಮಗು! ಡಾಟ್ ಕನ್ನಡಕ ಏರಿಸಿ ನೋಡಿ, "ಈ ಮಗೂಗೆ ಅಳತೆಪಟ್ಟಿ ಕೊಟ್ಟು ಕೂರಿಸಿದ್ರೇನೇ?" ಎಂದಳು. ದೆವ್ವಕ್ಕೂ ಅಷ್ಟೇ, ಒಂದು ಹತ್ತಿ ಉಂಡೆ ಗೆರೆ ದಾಟಿಲ್ಲ. ಅಮ್ಮಾ, ನನಗೆ ಚೆಂದದ ಕುಂಬಳಕಾಯಿ ಬೇಡ. ಅದನ್ನು ಅಂಗಡಿಯಲ್ಲಿ ಮಾರುತ್ತಾರೆ. ನನಗೆ ಬೇಕಾದದ್ದು ಅವಳು ಕೆಡಿಸಿದ್ದು.

ಇನ್ನು ನೀನು ಸರಿಮಾಡಲಾಗದ್ದನ್ನು ಕೇಳುತ್ತೇನೆ. ಅವಳ ಕೈ ಅಚ್ಚು. ಅಂಗೈಗೆ ಬಿಳಿ ಬಣ್ಣ ಬಳಿದು ಕಪ್ಪು ಕಾಗದದ ಮೇಲೆ ಒಂದು ಸಲ ಒತ್ತಿಸು. ಬೆರಳು ಕೆಳಗೆ ಬರುವಂತೆ ತಿರುಗಿಸಿದರೆ ಅದೇ ದೆವ್ವ. ಈಸ್ಟರ್‌ಗೆ ನೀನು ಕಳಿಸಿದ ಕೈ ಅಚ್ಚಿನ ಕೋಳಿಮರಿ ನನ್ನ ಬೈಬಲಿನೊಳಗಿದೆ. ಅದರ ಮೇಲೆ ನನ್ನ ಅಂಗೈ ಇಟ್ಟುಕೊಂಡು ಕೂರುತ್ತೇನೆ, ಹುಚ್ಚಿ ಎನ್ನು ಬೇಕಾದರೆ. ಈ ಆರು ತಿಂಗಳಲ್ಲಿ ಆ ಕೈ ಎಷ್ಟು ಬೆಳೆದಿದೆಯೋ ನೋಡಬೇಕು.

ಅಕ್ಟೋಬರ್ 14 ಶನಿವಾರ ಮಕ್ಕಳನ್ನು ಕರೆತರುವ ದಿನ. ದೊಡ್ಡ ಕೋಣೆಯಲ್ಲಿ ಮೇಜು ಹಾಕಿ ಬಣ್ಣ, ಕಾಗದ ಎಲ್ಲ ಇಡುತ್ತಾರಂತೆ. ಅಂದು ಮುಟ್ಟಬಹುದು, ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ನಿನ್ನ ಹೆಸರನ್ನೂ ಅವಳ ಹೆಸರನ್ನೂ ಪಟ್ಟಿಯಲ್ಲಿ ಬರೆಸಿದ್ದೇನೆ. ಅವಳು ಅತ್ತರೂ ಪರವಾಗಿಲ್ಲ, ಕರೆದುಕೊಂಡು ಬಾ.

ನಿನ್ನ ಮಗಳು,
ಹೀದರ್

*

ಕಾರ್ವರ್ಸ್ ಫೋರ್ಡ್
ಅಕ್ಟೋಬರ್ 7

ಪ್ರೀತಿಯ ಹೀದರ್,

ಸರಿ ಮಾರಾಯ್ತಿ, ಒಂದು ಕಣ್ಣನ್ನು ಸ್ವಲ್ಪ ಸರಿಸಿದೆ. ಬೀಳುವ ಹಾಗಿತ್ತು. ಡಾಟ್ ಎಂಬಾಕೆಗೆ ಹೇಳು, ಅಳತೆಪಟ್ಟಿ ನನ್ನ ಕಣ್ಣಲ್ಲೇ ಇದೆ ಎಂದು.

ಕೈ ಅಚ್ಚಿನ ದೆವ್ವ ಇದರ ಜೊತೆ ಇದೆ. ಬಣ್ಣ ತಣ್ಣಗಿತ್ತೆಂದು ಜೂನಿ ಕಿಲಕಿಲ ನಕ್ಕಳು. ಒತ್ತಿದ ಮೇಲೆ ಕೈ ಎತ್ತಿ ಕಾಗದವನ್ನೂ ಕೈಯನ್ನೂ ಎರಡೆರಡು ಸಲ ನೋಡಿ, "ಕೈ ಅಲ್ಲೂ ಐತೆ!" ಎಂದಳು. ಎಲೆಗಳನ್ನೂ ಮಾಡಿದೆವು. ಅಂಗಳದಲ್ಲಿ ಕೆಂಪು ಎಲೆ ಆರಿಸಿ ಮೇಣದ ಕಾಗದದ ನಡುವೆ ಇಟ್ಟು ಇಸ್ತ್ರಿ ಹಾಕಿ ಕಿಟಕಿಗೆ ತೂಗುಹಾಕಿದೆ. ಇಸ್ತ್ರಿಯನ್ನು ನಾನೇ ಹಾಕಿದೆ, ಅವಳು ದೂರ ಕೂತಿದ್ದಳು.

ಹದಿನಾಲ್ಕಕ್ಕೆ ಬರಲಾಗುವುದಿಲ್ಲ. ಅವಳಿಗೆ ಕಿವಿನೋವು, ಜ್ವರ ಬಂದು ಹೋಗುತ್ತಿದೆ. ಮೂರು ಗಂಟೆ ಕಾರಿನಲ್ಲಿ ಕೂರಿಸಬೇಡಿ ಎಂದರು ಡಾಕ್ಟರು. ಇನ್ನೊಂದು ಸಲ ಖಂಡಿತ. ಬೇಸರ ಮಾಡಿಕೊಳ್ಳಬೇಡ.

ಪ್ರೀತಿಯಿಂದ,
ಅಮ್ಮ

*

ನಾಲ್ಕನೇ ಬ್ಲಾಕ್
ಅಕ್ಟೋಬರ್ 16

ಅಮ್ಮಾ,

ಶನಿವಾರ ದೊಡ್ಡ ಕೋಣೆಯಲ್ಲಿ ಹನ್ನೊಂದು ಮಕ್ಕಳಿದ್ದರು. ನನ್ನ ಹೆಸರು ಪಟ್ಟಿಯಲ್ಲಿತ್ತೆಂದು ಒಳಗೆ ಬಿಟ್ಟರು. ಯಾರದೋ ಮಗುವಿಗೆ ಟಿಶ್ಯೂ ರಟ್ಟಿನ ಬಾವಲಿ ಮಾಡಿಕೊಟ್ಟೆ. ಅದು ಎರಡು ಕಣ್ಣನ್ನೂ ರೆಕ್ಕೆಗೆ ಅಂಟಿಸಿತು.

ಕೋಣೆಗೆ ಬಂದು ನಿನ್ನ ದೆವ್ವವನ್ನೂ ಈಸ್ಟರ್‌ನ ಕೋಳಿಮರಿಯನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಎಷ್ಟು ಬೆಳೆದಿದ್ದಾಳೆಂದು ನೋಡಲು. ಒಂದು ಕೂದಲೆಳೆಯಷ್ಟೂ ಬೆಳೆದಿಲ್ಲ. ಹೆಬ್ಬೆರಳಿಗೆ ಹೆಬ್ಬೆರಳು, ತುದಿಗೆ ತುದಿ. ಈಸ್ಟರ್‌ನಲ್ಲಿ ಅವಳು ಕಿರುಬೆರಳನ್ನು ಪಕ್ಕದ ಬೆರಳಿಗೆ ಅಂಟಿಸಿ ಹಿಡಿದಿದ್ದಳು. ದೆವ್ವದಲ್ಲೂ ಹಾಗೇ ಹಿಡಿದಿದ್ದಾಳೆ. ಮಣಿಕಟ್ಟಿನ ಹತ್ತಿರ ಬಣ್ಣ ಜಾರಿದ ಗುರುತಿತ್ತು. ಅದೂ ಅಲ್ಲೇ ಇದೆ.

ಡಾಟ್‌ಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿದಳು. ತಮಾಷೆ ಮಾಡಲಿಲ್ಲ. "ಫೋನ್ ಮಾಡು ಕಣೇ," ಎಂದಳು ಅಷ್ಟೇ.

ಮಾಡಿದೆ. ನೀನು ಎತ್ತಲಿಲ್ಲ. ಇಂದೂ ಎತ್ತಲಿಲ್ಲ.

ನೀನು ಆ ಹಳೆಯ ಕೈಯನ್ನು ಕತ್ತರಿಸಿ ಅಚ್ಚು ಮಾಡಿಕೊಂಡಿದ್ದೀಯ. ನಿನ್ನ ಕೈಚಳಕ ನನಗೆ ಗೊತ್ತು. ಯಾಕೆ? ಅವಳ ಕೈ ನಿನ್ನ ಹತ್ತಿರವೇ ಇರುವಾಗ ಹಳೆಯ ಕೈ ಯಾಕೆ ಬೇಕಾಯಿತು?

ಜೂನಿ ಎಲ್ಲಿ?

ಹೀದರ್

*

ನಾಲ್ಕನೇ ಬ್ಲಾಕ್
ಅಕ್ಟೋಬರ್ 24

ಇಲ್ಲಿಗೆ ಬರುವ ಮೊದಲು ಮಗುವನ್ನು ನೋಡಿಕೊಳ್ಳುವ ಹಕ್ಕಿನ ಕಾಗದಕ್ಕೆ ಸಹಿ ಹಾಕಿ ನಿನ್ನ ಕೈಗೆ ಕೊಟ್ಟವಳು ನಾನು. ಬೇರೆ ಯಾರಿಗೂ ಕೊಡಲಿಲ್ಲ. ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ನಿನಗೇ ಕೊಟ್ಟೆ.

ಜೂನಿ ಬದುಕಿದ್ದಾಳೆಯೇ? ಅದೊಂದನ್ನು ಬರೆ. ಉಳಿದದ್ದು ಆಮೇಲೆ.

ಜೂನಿಯ ತಾಯಿ

*

ಕಾರ್ವರ್ಸ್ ಫೋರ್ಡ್
ನವೆಂಬರ್ 1

ಹೀದರ್,

ಬದುಕಿದ್ದಾಳೆ. ಚೆನ್ನಾಗಿದ್ದಾಳೆ. ಮೊದಲು ಅದನ್ನು ಓದಿಕೋ. ನೀನು ಇಂಥ ಪ್ರಶ್ನೆ ಕೇಳುವ ಹಾಗೆ ಮಾಡಿದೆನಲ್ಲ, ಅದಕ್ಕೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು.

ಆಗಸ್ಟ್ 22ರಿಂದ ಅವಳು ಇಲ್ಲಿಲ್ಲ. ಇಂಡಿಯಾನಾದಲ್ಲಿ ಮಾರ್ಲೀನ್ ಮನೆಯಲ್ಲಿದ್ದಾಳೆ. ಮಗುವಿನ ಅಪ್ಪ, ಆ ರಿಕ್, ನಿನ್ನನ್ನೂ ಮಗುವನ್ನೂ ಬಿಟ್ಟು ಹೋದ ಮೇಲೂ ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸುತ್ತಿದ್ದವಳು ಅವನ ಆ ಅಕ್ಕ ಒಬ್ಬಳೇ.

ನಡೆದದ್ದು ಹೀಗೆ. ಸೆಪ್ಟೆಂಬರ್‌ನ ಪುಟಾಣಿಗಳ ಗಂಟೆಗೆ ಮಾದರಿ ಗೂಬೆಗಳನ್ನು ಹೈಸ್ಕೂಲಿನ ಹುಡುಗಿಯರು ಮಾಡಿಕೊಟ್ಟಿದ್ದರು. ಪೈನ್ ಕಾಯಿಗೆ ಕಣ್ಣು, ಕೊಕ್ಕು. ಕಣ್ಣೆಲ್ಲ ಸೊಟ್ಟಗಿದ್ದವು. ಎರಡು ವರ್ಷದ ಮಕ್ಕಳಿಗೆ ತೋರಿಸುವ ಗೂಬೆಯ ಕಣ್ಣು ನೆಟ್ಟಗಿದ್ದರೇನು, ಸೊಟ್ಟಗಿದ್ದರೇನು? ನಾನು ಕೇಳಬೇಕಲ್ಲ. ಅಡುಗೆಮನೆಯ ಮೇಜಿನ ಮೇಲೆ ಅಂಟು ಕರಗಿಸುವ ಗ್ಲೂ ಗನ್ ಬಿಸಿಗಿಟ್ಟು, ಒಂದೊಂದನ್ನೇ ಕಿತ್ತು ಸರಿಯಾಗಿ ಅಂಟಿಸುತ್ತಿದ್ದೆ. ಜೂನಿ ಪಕ್ಕದಲ್ಲಿ ಅವಳ ಸ್ಟೂಲ್ ಮೇಲೆ ನಿಂತು ಒಂದು ಗೂಬೆಯ ಬೆನ್ನಿಗೆ ಕಣ್ಣಿಟ್ಟು, "ಗ್ಯಾಮಾ ನೋಡು, ಗ್ಯಾಮಾ ನೋಡು," ಎನ್ನುತ್ತಿದ್ದಳು. ಗ್ರ್ಯಾಂಡ್‌ಮಾ ಎನ್ನಲು ಬಾರದೆ ನನ್ನನ್ನು ಹಾಗೇ ಕರೆಯುತ್ತಾಳೆ. ನಾನು ನೋಡಲಿಲ್ಲ. "ಒಂದ್ನಿಮಿಷ ಇರು ಬಂಗಾರಿ, ಇದೊಂದು ಸರಿಮಾಡ್ತೀನಿ," ಎಂದೆ. ಒಂದು ಕಣ್ಣು ಕೈಜಾರಿ ಮೇಜಿನ ಕೆಳಗೆ ಹೋಯಿತು. ಅದನ್ನು ಹುಡುಕಲು ಬಗ್ಗಿದೆ. ಅಷ್ಟರಲ್ಲಿ ಅವಳು ಗನ್ನಿನ ಮೂತಿಯನ್ನು ಅಂಗೈಯಲ್ಲಿ ಹಿಡಿದಳು. ಬಿಸಿ ಅಂಟು, ಬಿಡಬೇಕೆಂದರೂ ಬಿಡುವುದಿಲ್ಲ. ಆ ಕೂಗು ನಾನು ಸಾಯುವವರೆಗೂ ಕಿವಿಯಲ್ಲಿರುತ್ತದೆ.

ಬಲ ಅಂಗೈ. ಈಗ ವಾಸಿಯಾಗಿದೆ, ಬೆರಳುಗಳೆಲ್ಲ ಆಡುತ್ತವೆ. ಆಸ್ಪತ್ರೆಯಲ್ಲಿ ಡಾಕ್ಟರು ನಡೆದದ್ದನ್ನು ಎರಡು ಸಲ ಕೇಳಿದರು, ಎರಡನೇ ಸಲ ನನ್ನ ಮುಖ ನೋಡುತ್ತಾ ಕೇಳಿದರು. ನಾನೇ ಮಾರ್ಲೀನ್‌ಗೆ ಫೋನ್ ಮಾಡಿದೆ. ಅವಳು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದು, "ವರ್ನಾ, ಬೇಜಾರ್ ಮಾಡ್ಕೋಬೇಡಿ, ಗಾಯ ಆರೋವರ್ಗೂ ನನ್ ಹತ್ರ ಇರ್ಲಿ," ಎಂದಳು. ನಾನು, "ಕರ್ಕೊಂಡು ಹೋಗಮ್ಮ," ಎಂದೆ. ಅವಳು ಕಿತ್ತುಕೊಂಡಳೆಂದು ಬರೆದರೆ ನೀನು ನಂಬುತ್ತಿದ್ದೆ. ಇಲ್ಲ, ನಾನೇ ಕೊಟ್ಟೆ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಸೋಫಾದಲ್ಲಿ ಮಲಗಿ ಮಧ್ಯಾಹ್ನವೆಲ್ಲ ನಿದ್ದೆ ಮಾಡಿದೆ. ಹದಿನೈದು ತಿಂಗಳಲ್ಲಿ ಹಾಗೆ ಮಲಗಿರಲಿಲ್ಲ. ನನಗೆ ಸಾಕಾಗಿತ್ತು ಹೀದರ್. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಗೋಂದು ಹಚ್ಚಿಕೊಟ್ಟವಳಿಗೆ ತನ್ನದೇ ಮೊಮ್ಮಗು ಸಾಕಾಯಿತೆಂದರೆ ಜನ ಏನೆನ್ನುತ್ತಾರೆ? ಗಾಯ ಸೆಪ್ಟೆಂಬರ್‌ನಲ್ಲೇ ಆರಿತು. ವಾಪಸ್ ಕಳಿಸು ಎಂದು ನಾನು ಕೇಳಲಿಲ್ಲ.

ನಿನಗೆ ಹೇಳಬೇಕೆಂದು ಕೂತಾಗಲೇ ನಿನ್ನ ಪತ್ರ ಬಂತು, ಕುಂಬಳಕಾಯಿ ಮಾಡಿಸು ಎಂದು. ಸುದ್ದಿ ತಿಳಿದರೆ ನೀನು ಒಳಗೆ ಮತ್ತೆ ಮಾತ್ರೆಗೆ ಕೈ ಹಾಕುತ್ತೀಯೆಂದು ಹೆದರಿದೆ. ಅದು ಅರ್ಧ ನಿಜ. ಇನ್ನರ್ಧ, ಆಗಿದ್ದನ್ನು ಸರಿಮಾಡಿ ತೋರಿಸಬಹುದೆಂದುಕೊಂಡೆ. ಮಾರ್ಚ್‌ವರೆಗೆ ಹೇಗೋ ತಳ್ಳಿದರೆ ಆಯಿತೆಂದುಕೊಂಡೆ. ಬೇರೆ ಏನು ಕೇಳಿದ್ದರೂ ಮಾಡಿ ಕಳಿಸುತ್ತಿದ್ದೆ. ನೀನು ಕೈಯನ್ನೇ ಕೇಳಿದೆ.

ಎಲ್ಲವನ್ನೂ ಈ ಮೇಜಿನ ಮುಂದೆ ಒಬ್ಬಳೇ ಕೂತು ಮಾಡಿದೆ. ಬೇಕೆಂದೇ ಒಂದು ಕಣ್ಣನ್ನಾದರೂ ಸೊಟ್ಟಗೆ ಅಂಟಿಸಲು ನೋಡಿದೆ. ಆಗಲಿಲ್ಲ, ಕೈ ತಾನೇ ನೆಟ್ಟಗೆ ಹೋಗುತ್ತಿತ್ತು.

ಆದರೆ ಬರೆದದ್ದು ಪೂರ್ತಿ ಸುಳ್ಳಲ್ಲ. ಬಣ್ಣದ ಸೇಬು ಕಚ್ಚಿದ್ದು, ಹತ್ತಿಯ ಗಡ್ಡ ಅಂಟಿಸಿಕೊಂಡು ತಾತನಾದದ್ದು, "ಕೈ ಅಲ್ಲೂ ಐತೆ" ಎಂದದ್ದು, ಎಲ್ಲ ನಡೆದದ್ದೇ. ಅದು ನೀನು. ನಿನಗೆ ಎರಡೂವರೆ ವರ್ಷವಿದ್ದಾಗ, ಇದೇ ಮೇಜಿನ ಮೇಲೆ. ಒಂದೂ ಮರೆತಿಲ್ಲ ನಾನು.

ನಿನ್ನೆ ಹ್ಯಾಲೋವೀನ್. ಮೊದಲ ಸಲ ಜಗುಲಿಯ ದೀಪ ಹಾಕಲಿಲ್ಲ. ಮಿಠಾಯಿಗೆ ಬಂದ ಮಕ್ಕಳು ಕತ್ತಲ ಮನೆ ನೋಡಿ ಮುಂದಕ್ಕೆ ಹೋದರು. "ವರ್ನಾ ಅಜ್ಜಿ ಇಲ್ವಾ?" ಎಂದು ಯಾವುದೋ ಮಗು ಕೇಳಿದ್ದು ಕೇಳಿಸಿತು. ಒಳಗೇ ಕೂತಿದ್ದೆ.

ಮಾರ್ಲೀನ್‌ಳ ವಿಳಾಸ ಹಿಂದಿನ ಪುಟದಲ್ಲಿದೆ. ನಿನಗೆ ತಿಳಿಸಿದ್ದೀರಾ ಎಂದು ಅವಳು ಎರಡು ಸಲ ಕೇಳಿದಳು. ತಿಳಿಸಿದ್ದೇನೆ ಎಂದು ಅವಳಿಗೂ ಸುಳ್ಳು ಹೇಳಿದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಅಮ್ಮ

*

ನಾಲ್ಕನೇ ಬ್ಲಾಕ್
ನವೆಂಬರ್ 27

ಅಮ್ಮಾ,

ಮೂರು ಪತ್ರ ಬರೆದು ಹರಿದೆ. ಇದು ನಾಲ್ಕನೆಯದು. ಓದಿದ ದಿನ ಡಾಟ್ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು, ಇಲ್ಲದಿದ್ದರೆ ಏನು ಮಾಡಿಕೊಳ್ಳುತ್ತಿದ್ದೆನೋ. ಮಾತ್ರೆಗೆ ಕೈ ಹಾಕಲಿಲ್ಲ. ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ, ನಿನ್ನ ಲೆಕ್ಕ ತಪ್ಪಿತೆಂದು ಹೇಳುತ್ತಿದ್ದೇನೆ.

ಮಗುವಿನ ಕೈ ಸುಟ್ಟಿದ್ದಕ್ಕೆ ನಿನ್ನನ್ನು ಬೈಯುವ ಯೋಗ್ಯತೆ ನನಗಿಲ್ಲ. ಹಿಂದಿನ ಸೀಟಿನಲ್ಲಿ ಅವಳನ್ನು ಕಟ್ಟಿ ಕೂರಿಸಿ, ಮಾತ್ರೆಯ ಅಮಲಿಗೆ ಕಣ್ಣು ಮುಚ್ಚಿಹೋಗುತ್ತಿದ್ದಾಗಲೂ ಕಾರು ಓಡಿಸಿದವಳು ನಾನು. ಸಾಕಾಯಿತು ಎಂದೆಯಲ್ಲ, ಅದಕ್ಕೂ ಬೈಯುವುದಿಲ್ಲ. ಅದೊಂದೇ ನೀನು ನನಗೆ ಬರೆದ ನೆಟ್ಟಗಿನ ಮಾತು. ಆಗಸ್ಟ್‌ನಲ್ಲೇ ಅದನ್ನು ಬರೆದಿದ್ದರೆ ನಾನು ಮಾರ್ಲೀನ್‌ಗೆ ಪತ್ರ ಹಾಕುತ್ತಿದ್ದೆ. ಅವಳು ಅಕ್ಟೋಬರ್ ಹದಿನಾಲ್ಕಕ್ಕೆ ಜೂನಿಯನ್ನು ಕರೆತರುತ್ತಿದ್ದಳಂತೆ. ತಾಯಿಗೆ ನೋಡುವ ಇಷ್ಟವಿಲ್ಲವೇನೋ, ಅದಕ್ಕೇ ಒಂದು ಸಾಲೂ ಬರೆಯುತ್ತಿಲ್ಲ ಎಂದುಕೊಂಡಿದ್ದಳಂತೆ. ನೀನು ನನ್ನಿಂದ ಕಿತ್ತುಕೊಂಡದ್ದು ಆ ಶನಿವಾರ. ಅದನ್ನು ಯಾವ ಅಂಟು ಹಾಕಿ ಕೂರಿಸುತ್ತೀಯ?

ಮತ್ತೆ ಆ ಹತ್ತಿಯ ಗಡ್ಡ. ಎರಡು ತಿಂಗಳು ನಾನು ಪ್ರೀತಿಸಿದ ಮಗು ನಾನೇ ಆಗಿದ್ದೆನಲ್ಲ! ಒಂದೂ ಮರೆತಿಲ್ಲ ಎಂದೆ. ಹಾಗಾದರೆ ಇಷ್ಟು ವರ್ಷ ಅದನ್ನು ನನಗೆ ಯಾಕೆ ಹೇಳಲಿಲ್ಲ? ನೀನು ನನ್ನನ್ನು ನೋಡಿ ನಕ್ಕಿದ್ದು ನನಗೆ ಗೊತ್ತೇ ಇರಲಿಲ್ಲ. ನನ್ನ ನೆನಪಿನಲ್ಲಿ ಇರುವುದು ಕಣ್ಣು ಕಿತ್ತು ಮತ್ತೆ ಅಂಟಿಸುವ ನಿನ್ನ ಬೆರಳು ಮಾತ್ರ. ಹೇಳುವುದಾದರೂ ಹೇಳಿದೆ, ಬೇರೆ ಮಗುವಿನ ಹೆಸರಿಟ್ಟು ಹೇಳಿದೆ.

ಮಾರ್ಲೀನ್ ಉತ್ತರ ಬರೆದಿದ್ದಾಳೆ. ಜೊತೆಗೆ ಥ್ಯಾಂಕ್ಸ್‌ಗಿವಿಂಗ್‌ಗೆ ಜೂನಿ ಮಾಡಿದ ಕೈ ಅಚ್ಚಿನ ಟರ್ಕಿ ಕೋಳಿಯ ಪ್ರತಿ. "ನಾನೇನೂ ಮಾಡ್ಲಿಲ್ಲ, ಬಣ್ಣದ ತಟ್ಟೆ ಮುಂದಿಟ್ಟೆ ಅಷ್ಟೇ," ಎಂದು ಕೆಳಗೆ ಬರೆದಿದ್ದಾಳೆ. ಬೇರೆ ಹೇಳಬೇಕಾಗಿಯೇ ಇಲ್ಲ. ಕೋಳಿಯ ಕಣ್ಣು ಬಾಲದಲ್ಲಿದೆ. ಬೆರಳುಗಳೆಲ್ಲ ಅಗಲಕ್ಕೆ ಚಾಚಿವೆ, ಈಸ್ಟರ್‌ನ ಕೈಗಿಂತ ಒಂದು ಉಗುರಿನಷ್ಟು ಉದ್ದ. ಅಂಗೈ ನಡುವೆ ಅವರೆಕಾಳಿನಷ್ಟು ಜಾಗಕ್ಕೆ ಬಣ್ಣ ಹಿಡಿದಿಲ್ಲ, ಅಲ್ಲಿ ಕಾಗದ ಬಿಳಿಯಾಗಿಯೇ ಉಳಿದಿದೆ. ಈ ಪ್ರತಿಯನ್ನು ನಿನಗೆ ಕಳಿಸುವುದಿಲ್ಲ.

ಮಾರ್ಚ್‌ನಲ್ಲಿ ಬಿಟ್ಟ ದಿನ ನೇರ ಇಂಡಿಯಾನಾಗೆ ಹೋಗುತ್ತೇನೆ. ನಿನ್ನ ಊರಿನ ಕಡೆ ತಿರುಗುವುದಿಲ್ಲ. ಆ ನೀಲಿ ರಿಬ್ಬನ್ ಇನ್ನಾದರೂ ತೆಗೆ. ಅದು ನಿನ್ನದು, ನಿನ್ನ ಹೆಸರು ಬರೆದಿಟ್ಟುಕೋ.

ಇನ್ನೊಂದು ಮಾತು. ಇದನ್ನು ನಿನಗೆ ಹೇಳಬಾರದೆಂದು ಮೂರು ದಿನ ತಡೆದುಕೊಂಡೆ. ನಿನ್ನ ಮಗಳಲ್ಲವೇ, ಮುಚ್ಚಿಡುವುದು ನನಗೂ ಬರುತ್ತದೆ. ಆದರೆ ಮುಚ್ಚಿಡುವುದಿಲ್ಲ. ಗೋಂದಿನ ಬಾಟಲಿ ಕಂಡಾಗಲೆಲ್ಲ ಜೂನಿ, "ಗ್ಯಾಮಾ," ಎಂದು ಬಾಗಿಲ ಕಡೆ ನೋಡುತ್ತಾಳಂತೆ. ಕೈ ಸುಟ್ಟ ಮೇಲೂ ನಿನ್ನನ್ನು ಮರೆತಿಲ್ಲ.

ನನ್ನ ಫೋಟೋ ತೋರಿಸಿ, "ಇದ್ಯಾರು ಹೇಳು?" ಎಂದು ಮಾರ್ಲೀನ್ ಕೇಳಿದಳಂತೆ. ಜೂನಿ ಚೆನ್ನಾಗಿ ನೋಡಿ, "ಆಂಟಿ," ಎಂದಳಂತೆ.

ಹೀದರ್